ಟಿವಿ ಹಿಂದಿನ ಗೋಡೆಗೆ ಇಟ್ಟಿಗೆ ವಾಲ್‌ಪೇಪರ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು ಸಾಗರ. ಜಂಬಿಟ್ಟಿಗೆ, ಅಂದರೆ ಕೆಂಪು ಕಲ್ಲಿನ ಗೋಡೆಯ ಮನೆ, ಕಟ್ಟಿ 22 ವರ್ಷ ಆಯಿತು. ಹಾಲ್‌ನಲ್ಲಿ ಟಿವಿ ಇರುವ ಗೋಡೆ 11 ಅಡಿ ಅಗಲ, 10 ಅಡಿ ಎತ್ತರ ಇದೆ. ಅದಕ್ಕೆ ಇಟ್ಟಿಗೆ ಥರ ಉಬ್ಬುತಗ್ಗು ಇರುವ ವಾಲ್‌ಪೇಪರ್ ಹಾಕಿಸಬೇಕು ಅಂತ ಮಗಳ ಆಸೆ. ಹಿಂದಿನ ಕಾಗದ ಸುಲಿದು ಅಂಟಿಸುವ ಫೋಮ್ ಶೀಟ್ ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದಾಳೆ. ಗೋಡೆಗೆ ಈಗ ಡಿಸ್ಟೆಂಪರ್ ಬಳಿದಿದೆ. ಆಚೆ ಬದಿ ಬಚ್ಚಲುಮನೆ. ಕೆಳಗಡೆ ಸ್ವಲ್ಪ ಬಣ್ಣ ಉದುರುತ್ತದೆ, ಶೀಟ್ ಹಾಕಿದರೆ ಅದೂ ಮುಚ್ಚಿಹೋಗುತ್ತೆ ಅಲ್ವಾ? ಮಾವನವರು ಮಾತ್ರ "ಗಿಲಾವು ಮಾಡಿದ ಗೋಡೆಗೆ ಮತ್ತೆ ಇಟ್ಟಿಗೆ ಯಾಕೆ? ದುಡ್ಡು ಮುಗಿದು ಅರ್ಧಕ್ಕೆ ನಿಂತ ಮನೆ ಥರ ಕಾಣುತ್ತೆ" ಅಂತಾರೆ. ಹಾಕಿಸಬಹುದಾ? ಯಾವ ಥರದ್ದು ತಗೊಳ್ಳಬೇಕು, ಎಷ್ಟು ಬೇಕಾಗುತ್ತೆ?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಾ ಬಂದವನು "ಕೆಳಗಡೆ ಸ್ವಲ್ಪ ಬಣ್ಣ ಉದುರುತ್ತದೆ" ಅನ್ನುವಲ್ಲಿ ನಿಂತುಬಿಟ್ಟೆ. ಆಚೆ ಬಚ್ಚಲುಮನೆ, ಈಚೆ ಉದುರುವ ಬಣ್ಣ. ಸುತ್ತಿ ಬಳಸಿ ಹೇಳುವುದು ಬೇಡ. ಆ ಗೋಡೆಗೆ ಈಗ ಏನನ್ನೂ ಅಂಟಿಸಬೇಡಿ. ಮಗಳಿಗೆ ಈ ವರ್ಷವೇ ಆಗಬೇಕು ಅಂದರೆ ಹಾಲ್‌ನ ಬೇರೆ ಒಣ ಗೋಡೆ ಹುಡುಕಿ. ಟಿವಿ ಗೋಡೆಗೇ ಆಗಬೇಕು ಅಂದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ, ಸರಿ ಮಾಡಿಸಿ, ಒಂದು ಮಳೆಗಾಲ ಕಳೆಯಲಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ಸ್ವಂತ ಮನೆಯಲ್ಲಿ. ಮಲಗುವ ಕೋಣೆಯ ಗೋಡೆಯಲ್ಲಿ ಅಂಗೈಯಗಲ ಒಂದು ಕಲೆ ಇತ್ತು. ಹಳೇ ಕಲೆ, ಒಣಗಿದೆ ಅಂದುಕೊಂಡು ಬಿಳಿ ಫೋಮ್ ಶೀಟ್ ಅಂಟಿಸಿದೆ. ಬೇಸಿಗೆಯಲ್ಲಿ ಬಂದವರೆಲ್ಲ ಗೋಡೆ ಮುಟ್ಟಿ ನೋಡಿ ಹೊಗಳಿದರು. ಆಷಾಢ ಕಳೆಯುವಷ್ಟರಲ್ಲಿ ಕೋಣೆಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದ ವಾಸನೆ. ಒಂದು ಶೀಟ್‌ನ ಮೂಲೆ ಹಿಡಿದು ಎಳೆದೆ. ಹಪ್ಪಳದ ಹಾಗೆ ಎದ್ದು ಬಂತು, ಜೊತೆಗೆ ಪುಟ್ಟಿಯೂ ಕಿತ್ತು ಬಂತು. ಹಿಂದೆಲ್ಲ ಕಪ್ಪು ಬೂಷ್ಟು, ನಡುನಡುವೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಅಂಗೈಯಗಲ ಇದ್ದ ಕಲೆ ಮೊರದಗಲ ಆಗಿತ್ತು. ಊರವರಿಗೆಲ್ಲ ಗೋಡೆಯ ಬಗ್ಗೆ ಬುದ್ಧಿ ಹೇಳುವವನ ಮನೆ ಕಥೆ ಇದು. ಹೆಂಡತಿ ಈಗಲೂ ನೆನಪಿಸುತ್ತಾಳೆ.

ಯಾಕೆ ಹೀಗಾಗುತ್ತದೆ? ನಿಮ್ಮ ಗೋಡೆಗೆ ಈಗಿರುವುದು ಡಿಸ್ಟೆಂಪರ್. ಅದರ ಮೂಲಕ ಗೋಡೆಯ ತೇವ ಸ್ವಲ್ಪ ಸ್ವಲ್ಪವಾಗಿ ಹಾಲ್ ಕಡೆಗೆ ಆರಿಹೋಗುತ್ತಿದೆ. ಬಣ್ಣ ಉದುರುವುದು ಆ ಕೆಲಸದ ಗುರುತು. ನೀರು ಕಲ್ಲು, ಮರಳು, ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿ ತರುತ್ತದೆ. ಮೇಲೆ ಬಂದು ನೀರು ಆರುತ್ತದೆ, ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಗೆ ತಳ್ಳುತ್ತದೆ. ಗೋಡೆ ಉಪ್ಪು ಬಿಡುತ್ತಿದೆ ಅನ್ನುತ್ತೇವಲ್ಲ, ಅದು ಇದೇ. ಈಗ ಅದರ ಮೇಲೆ ಫೋಮ್ ಶೀಟ್ ಅಂಟಿಸಿದಿರಿ ಅನ್ನಿ. ಅದು ಪಾಲಿಎಥಿಲೀನ್, ಅಂದರೆ ಪ್ಲಾಸ್ಟಿಕ್. ತೇವ ಹೊರಬರುವ ದಾರಿ ಬಂದ್ ಆಯಿತು. ಬಚ್ಚಲಿನ ನೀರು ಮಾತ್ರ ನಿಲ್ಲಲಿಲ್ಲ. ಅದು ಶೀಟಿನ ಹಿಂದೆ ಮೇಲಕ್ಕೂ ಪಕ್ಕಕ್ಕೂ ಹರಡುತ್ತದೆ. ಮುಚ್ಚಿದ್ದು ನಿಮ್ಮ ಕಣ್ಣಿಗೆ ಅಷ್ಟೇ.

ಹಾಗಾಗಿ ಮೊದಲ ಕೆಲಸ ಪೆನ್ಸಿಲ್‌ನದು. ಬಣ್ಣ ಉದುರಿದ, ಮಾಸಿದ ಜಾಗದ ಅಂಚಿಗೆ ಸುತ್ತಲೂ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ನೋಡಿ. ಗೆರೆ ದಾಟಿದರೆ ನೀರು ಈಗಲೂ ಬರುತ್ತಿದೆ. ಇನ್ನೊಂದು ಪರೀಕ್ಷೆ ಇದೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ. ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ಬೆವರಿನ ಹಾಗೆ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬಂದಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯದು.

ಕಲೆ ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗೋಡೆ ಉದ್ದಕ್ಕೂ ಪಟ್ಟಿಯ ಹಾಗೆ ಇದ್ದರೆ ಪಾಯದಿಂದ ತೇವ ಏರುತ್ತಿದೆ. ನಲ್ಲಿ ಅಥವಾ ಗೀಸರ್ ಪೈಪ್ ಇರುವ ಎತ್ತರಕ್ಕೆ ಸರಿಯಾಗಿ ಒಂದೇ ಕಡೆ ಇದ್ದರೆ ಗೋಡೆಯೊಳಗಿನ ಪೈಪ್ ಜಾಯಿಂಟ್ ಮೇಲೆ ಅನುಮಾನ ಪಡಿ. ನೆಲಕ್ಕೆ ತಾಗಿ ಒಂದು ಮೂಲೆಯಲ್ಲಿ ಮಾತ್ರ ಜಾಸ್ತಿ ಇದ್ದರೆ ಬಚ್ಚಲಿನ ನೀರು ಹೊರಹೋಗುವ ನಹನಿ ಟ್ರ್ಯಾಪ್ ಸುತ್ತ ಬಿರುಕು ಬಿಟ್ಟಿರಬಹುದು, ಇಲ್ಲ ಟೈಲ್ಸ್ ನಡುವಿನ ಸಿಮೆಂಟ್ ಹೋಗಿರಬಹುದು. ಮನೆಯಲ್ಲಿ ಇನ್ನೊಂದು ಬಚ್ಚಲು ಇದ್ದರೆ ಇದನ್ನು ನಾಲ್ಕು ದಿನ ಬಳಸದೆ ಬಿಟ್ಟು ನೋಡಿ. ಕಲೆಯ ಬಣ್ಣ ತಿಳಿಯಾದರೆ ಕಳ್ಳ ಸಿಕ್ಕಿದ ಹಾಗೆ.

ರಿಪೇರಿ ಬಚ್ಚಲಿನ ಕಡೆಯಿಂದಲೇ ಆಗಬೇಕು. ಹಾಲ್ ಕಡೆಯಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕು ಅಂತ ಹೇಳುವವರು ಸಿಗುತ್ತಾರೆ. ಅದನ್ನು ಬಳಿದರೆ ನೀರು ಆ ಬಣ್ಣದ ಅಂಚು ದಾಟಿ ಪಕ್ಕದಲ್ಲಿ ಎದ್ದೇಳುತ್ತದೆ, ಅಷ್ಟೇ. ರಿಪೇರಿ ಆದ ಮೇಲೂ ಆತುರ ಬೇಡ. ಜುಲೈ, ಆಗಸ್ಟ್‌ನಲ್ಲಿ ಬಟ್ಟೆಯೇ ಒಣಗದ ಊರು ನಿಮ್ಮದು, ಗೋಡೆ ಒಣಗೀತೇ? ದೀಪಾವಳಿ ಕಳೆದ ಮೇಲೆ ಮತ್ತೆ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮಾಡಿ. ಪಾಸಾದರೆ ಶಿವರಾತ್ರಿಯೊಳಗೆ ಅಂಟಿಸುವ ಕೆಲಸ ಮುಗಿಸಿ. ಬೇರೆ ಗೋಡೆ ಆರಿಸುವುದಾದರೂ ಒಂದು ಮಾತು. ಪಶ್ಚಿಮಕ್ಕಿರುವ ಹೊರಗೋಡೆ ಬೇಡ. ಮುಂಗಾರಿನ ಎರಚಲು ಹೊಡೆಯುವುದು ಅದಕ್ಕೇ. ಹಿಂದೆ ಮಲೆನಾಡಿನ ಮನೆಗಳಿಗೆ ಮಳೆಗಾಲ ಬಂತೆಂದರೆ ಅಂಥ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಸುಮ್ನೆ ಕಟ್ಟುತ್ತಿರಲಿಲ್ಲ. ಎರಡು ಕೋಣೆಗಳ ನಡುವಿನ ಒಳಗೋಡೆ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ನಿಮ್ಮ ಮಾವನವರ ಮಾತು. ಅದನ್ನು ನಕ್ಕು ತಳ್ಳಬೇಡಿ. ಅವರ ಕಾಲದಲ್ಲಿ ಇಟ್ಟಿಗೆ ಕಾಣುವ ಗೋಡೆ ಅಂದರೆ ಆರ್‌ಸಿಸಿ ಹಾಕುವಷ್ಟರಲ್ಲಿ ದುಡ್ಡು ಖಾಲಿಯಾದ ಮನೆ. ಮೇಲೆ ಕಂಬಿ ಚಾಚಿಕೊಂಡಿರುತ್ತಿತ್ತು, ಗೋಡೆ ಗಿಲಾವಿಗೆ ಕಾಯುತ್ತಿತ್ತು. ಗಿಲಾವು ಮಾಡಿ ಸುಣ್ಣ ಬಳಿದರೆ ಮಾತ್ರ ಗೃಹಪ್ರವೇಶ. ಆಮೇಲೆ ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಗಿಲಾವೇ ಇಲ್ಲದ ಇಟ್ಟಿಗೆ ಮನೆಗಳನ್ನು ಕಟ್ಟಿ ತೋರಿಸಿದರು. ಗಿಲಾವಿನ ಖರ್ಚು ಉಳಿಸುವುದು ಅವರ ಉದ್ದೇಶಗಳಲ್ಲಿ ಒಂದು. ನೋಡುವವರಿಗೆ ಅದೇ ಚಂದ ಅನ್ನಿಸತೊಡಗಿತು. ಬೆಂಗಳೂರಿನಲ್ಲೂ ಅಂಥ ಮನೆಗಳು ಬಂದವು. ಉಳಿತಾಯಕ್ಕೆ ಅಂತ ಬಿಟ್ಟ ಇಟ್ಟಿಗೆಯನ್ನು ಈಗ ನಾವು ದುಡ್ಡು ಕೊಟ್ಟು ಗಿಲಾವಿನ ಮೇಲೆ ಅಂಟಿಸುತ್ತಿದ್ದೇವೆ. ಮಾವನವರಿಗೆ ನಗು ಬರದೆ ಇರುತ್ತದೆಯೇ?

ಆದರೆ ಅವರ ಮಾತಿನಲ್ಲಿ ಡಿಸೈನ್ ಆರಿಸುವ ಸೂತ್ರವೂ ಇದೆ. ಅರ್ಧಕ್ಕೆ ನಿಂತ ಗೋಡೆಗೂ ಬೇಕೆಂದೇ ಬಿಟ್ಟ ಗೋಡೆಗೂ ವ್ಯತ್ಯಾಸ ಇಟ್ಟಿಗೆಯಲ್ಲಿ ಕಡಿಮೆ, ಸಂದಿಯಲ್ಲಿ ಜಾಸ್ತಿ. ಗಿಲಾವಿಗೆ ಕಾಯುವ ಗೋಡೆಯಲ್ಲಿ ಗಾರೆ ಸಂದಿಯಿಂದ ಉಕ್ಕಿ ಹೊರಗೆ ಇಳಿದಿರುತ್ತದೆ. ಹೇಗೂ ಮುಚ್ಚಿಹೋಗುತ್ತಲ್ಲ ಅಂತ ಮೇಸ್ತ್ರಿ ಒರೆಸುವುದಿಲ್ಲ. ತೋರಿಸಲೆಂದೇ ಕಟ್ಟಿದ ಗೋಡೆಯಲ್ಲಿ ಸಂದಿಯನ್ನು ಕೆರೆದು ಪಾಯಿಂಟಿಂಗ್ ಮಾಡಿರುತ್ತಾರೆ, ಅಂದರೆ ನೀಟಾಗಿ ಗಾರೆ ತುಂಬಿರುತ್ತಾರೆ. ಸಂದಿ ಒಂದೇ ಅಗಲ, ಒಂದೇ ಆಳ. ಹಾಗಾಗಿ ಮುರಿದ ಇಟ್ಟಿಗೆ, ಉಕ್ಕಿದ ಗಾರೆ, ಅಲ್ಲಲ್ಲಿ ಗಿಲಾವು ಉದುರಿದ ಹಾಗೆ ಚಿತ್ರ ಇರುವ ಡಿಸೈನ್‌ಗಳನ್ನು ಬಿಟ್ಟುಬಿಡಿ. ಹಳೇ ಕಾರ್ಖಾನೆಯಂಥ ಹೋಟೆಲ್‌ಗೆ ಅವು ಚೆನ್ನ, ನಿಮ್ಮ ಹಾಲ್‌ಗೆ ಬೇಡ. ಸಂದಿ ನೇರ ಇರುವ, ಇಟ್ಟಿಗೆಗಳ ಬಣ್ಣದಲ್ಲಿ ಸಣ್ಣ ಏರಿಳಿತ ಇರುವ ಡಿಸೈನ್ ತಗೊಳ್ಳಿ. ಮಾವನವರನ್ನೇ ಕರೆದುಕೊಂಡು ಹೋಗಿ ತೋರಿಸಿ.

ಅಂದ ಹಾಗೆ ನಿಮ್ಮ ಗಿಲಾವಿನ ಹಿಂದೆ ಇರುವುದೇ ಜಂಬಿಟ್ಟಿಗೆ. ಹೆಸರಲ್ಲೇ ಇಟ್ಟಿಗೆ ಇದೆ. ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲು ನೋಡಿದ. ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಇಟ್ಟಿಗೆಯ ಹಾಗೆ ಬಳಕೆಯಾಗುವ ಕಲ್ಲು ಅಂತ ಲ್ಯಾಟಿನ್ನಿನ 'ಲೇಟರ್', ಅಂದರೆ ಇಟ್ಟಿಗೆ, ಅನ್ನುವ ಪದದಿಂದ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟು 1807ರಲ್ಲಿ ಬರೆದ. ಅಲ್ಲಿಗೆ ನಿಮ್ಮ ಮಗಳು ಇಟ್ಟಿಗೆ ಗೋಡೆಯ ಮೇಲೆಯೇ ಇಟ್ಟಿಗೆ ಅಂಟಿಸಲು ಹೊರಟಿದ್ದಾಳೆ. ಗಿಲಾವು ಕಿತ್ತು ಜಂಬಿಟ್ಟಿಗೆಯನ್ನೇ ತೋರಿಸಬಹುದಲ್ಲ ಅಂತ ಕೇಳಬೇಡಿ. ಗಿಲಾವು ಕೀಳುವಾಗ ಕಲ್ಲಿನ ಮುಖವೂ ಕಿತ್ತು ಬರುತ್ತದೆ, ಧೂಳು ನಿಲ್ಲುವುದಿಲ್ಲ. ಇನ್ನೊಂದು ಮಾತು, ಜಂಬಿಟ್ಟಿಗೆ ಮೈಯೆಲ್ಲ ತೂತು, ನೀರು ಚೆನ್ನಾಗಿ ಕುಡಿಯುತ್ತದೆ. ಬಚ್ಚಲಿನ ವಿಷಯಕ್ಕೆ ಅಷ್ಟೊಂದು ಒತ್ತು ಕೊಟ್ಟಿದ್ದು ಅದಕ್ಕೇ.

ಯಾವ ಥರದ್ದು ತಗೊಳ್ಳಬೇಕು ಅಂದಿರಿ. ಅಂಗಡಿಯಲ್ಲಿ ಎಲ್ಲಕ್ಕೂ 'ತ್ರಿಡಿ ಬ್ರಿಕ್' ಅಂತಲೇ ಹೆಸರು. ಒಂದು ಬರೀ ಚಿತ್ರ, ಕೈ ಆಡಿಸಿದರೆ ನುಣುಪು. ಅದರ ಮಾತು ಬಿಡಿ. ಇನ್ನೊಂದು ರೋಲ್‌ನಲ್ಲಿ ಬರುವ ವಿನೈಲ್, ಇಟ್ಟಿಗೆ ಭಾಗ ಸ್ವಲ್ಪವೇ ಉಬ್ಬಿರುತ್ತದೆ, ಉಗುರಿಗೆ ಸಿಗುತ್ತದೆ. ಮೂರನೆಯದು ಮಗಳು ನೋಡಿಟ್ಟಿರುವ ಫೋಮ್ ಶೀಟ್, ಕೆಲವು ಮಿಲಿಮೀಟರ್ ದಪ್ಪ, ಸಂದಿ ನಿಜಕ್ಕೂ ತಗ್ಗು. ಉಬ್ಬು ವಾಲ್‌ಪೇಪರ್ ಈ ಕಾಲದ್ದೇನಲ್ಲ. ನೆಲಕ್ಕೆ ಹಾಸುವ ಲಿನೋಲಿಯಂ ಕಂಡುಹಿಡಿದ ಫ್ರೆಡರಿಕ್ ವಾಲ್ಟನ್ 1877ರಲ್ಲೇ ಇಂಗ್ಲೆಂಡಿನಲ್ಲಿ ಲಿಂಕ್ರಸ್ಟಾ ಅಂತ ಉಬ್ಬು ಗೋಡೆಹೊದಿಕೆ ಮಾಡಿದ್ದ.

ರೋಲ್ ಮತ್ತು ಫೋಮ್ ಎರಡರಲ್ಲಿ ಯಾವುದು ಅಂತ ತೀರ್ಮಾನಿಸುವುದು ನಿಮ್ಮ ಹಾಲ್‌ನ ಬೆಳಕು. ಹೀಗೆ ಮಾಡಿ. ಸಂಜೆ ಐದರ ಹೊತ್ತಿಗೆ ಗೋಡೆಯ ಎದುರು ಕೂತು ನೋಡಿ. ಕಿಟಕಿ ಆ ಗೋಡೆಗೆ ಪಕ್ಕದಲ್ಲಿದ್ದು ಬೆಳಕು ಗೋಡೆಯನ್ನು ಸವರಿಕೊಂಡು ಹೋಗುತ್ತಿದ್ದರೆ ಫೋಮ್ ಗೆಲ್ಲುತ್ತದೆ. ಪ್ರತಿ ಇಟ್ಟಿಗೆಯ ಪಕ್ಕದಲ್ಲೂ ಸಣ್ಣ ನೆರಳು ಬೀಳುತ್ತದೆ, ಗೋಡೆಗೆ ಜೀವ ಬರುತ್ತದೆ. ಕಿಟಕಿ ಎದುರಿಗಿದ್ದು ಬೆಳಕು ನೇರ ಗೋಡೆಗೆ ಬೀಳುತ್ತಿದ್ದರೆ ಫೋಮಿನ ತಗ್ಗೂ ಕಾಣುವುದಿಲ್ಲ. ಅಂಥ ಕಡೆ ವಿನೈಲ್ ರೋಲ್ ಸಾಕು, ಅದೇ ಜಾಸ್ತಿ ದಿನ ಬಾಳುತ್ತದೆ.

ವಿನೈಲ್‌ನಲ್ಲಿ ಒಂದು ಸೂಕ್ಷ್ಮ ಇದೆ, ಮಾರುವವರು ಹೇಳುವುದಿಲ್ಲ. ಚಿತ್ರದಲ್ಲಿ ನೆರಳೂ ಅಚ್ಚಾಗಿರುತ್ತದೆ. ಇಟ್ಟಿಗೆಯ ಬಲಕ್ಕೆ ಮತ್ತು ಕೆಳಗೆ ಕಪ್ಪು ಗೆರೆ ಇದ್ದರೆ ಬೆಳಕು ಎಡಗಡೆ ಮೇಲಿಂದ ಬಂದ ಹಾಗೆ ಬರೆದಿದ್ದಾರೆ ಅಂತ ಅರ್ಥ. ನಿಮ್ಮ ಕಿಟಕಿ ಬಲಗಡೆ ಇದ್ದರೆ ನಿಜವಾದ ನೆರಳು ಒಂದು ಕಡೆ, ಅಚ್ಚಿನ ನೆರಳು ಇನ್ನೊಂದು ಕಡೆ. ನೋಡಿದವರಿಗೆ ಏನು ತಪ್ಪು ಅಂತ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಅನ್ನಿಸುತ್ತದೆ. ಸ್ಯಾಂಪಲ್ ತುಂಡು ತಂದು ಗೋಡೆಗೆ ಟೇಪ್ ಹಚ್ಚಿ, ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿಯೇ ಆರ್ಡರ್ ಕೊಡಿ.

ಇಟ್ಟಿಗೆಯ ಅಳತೆಯನ್ನೂ ನೋಡಿ. ಹಳೇ ಇಟ್ಟಿಗೆಯ ಮುಖ ಸುಮಾರು 9 ಇಂಚು ಉದ್ದ, 3 ಇಂಚು ಎತ್ತರ. ಮಾಡ್ಯುಲರ್ ಇಟ್ಟಿಗೆ 19 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ. ಇದರ ಆಸುಪಾಸಿನಲ್ಲಿದ್ದರೆ ಕಣ್ಣು ಒಪ್ಪುತ್ತದೆ. ಅರ್ಧ ಅಡಿ ಎತ್ತರದ ಇಟ್ಟಿಗೆ ಚಿತ್ರ ಅಂಟಿಸಿದರೆ ಹಾಲೋ ಬ್ಲಾಕ್ ಕಾಂಪೌಂಡ್ ಒಳಗೆ ಬಂದ ಹಾಗಿರುತ್ತದೆ. ಬಣ್ಣದ ಬಗ್ಗೆ ಒಂದೇ ಮಾತು. ನಿಮ್ಮ ಹಾಲ್‌ನ ನೆಲ ರೆಡ್ ಆಕ್ಸೈಡ್ ಆಗಿದ್ದರೆ ಗೋಡೆಗೂ ಕೆಂಪು ಇಟ್ಟಿಗೆ ಬೇಡ, ಕೋಣೆ ಮಂಕಾಗುತ್ತದೆ. ಸುಣ್ಣ ಬಳಿದು ಮಾಸಿದಂಥ ಬಿಳಿ ಅಥವಾ ತಿಳಿ ಬೂದು ಸಾಕು. ಮತ್ತೆ ಒಂದೇ ಗೋಡೆಗೆ, ನಾಲ್ಕಕ್ಕೂ ಅಲ್ಲ.

ಈಗ ಲೆಕ್ಕ. ನಮ್ಮಲ್ಲಿ ಸಿಗುವ ಸಾಮಾನ್ಯ ರೋಲ್ 53 ಸೆಂ.ಮೀ. ಅಗಲ, 10 ಮೀಟರ್ ಉದ್ದ. ಅಂಗಡಿಯವರು ಅದನ್ನು 57 ಚದರ ಅಡಿ ಅನ್ನುತ್ತಾರೆ. ನಿಮ್ಮ ಗೋಡೆ 110 ಚದರ ಅಡಿ. ಭಾಗಿಸಿದರೆ ಎರಡು ರೋಲ್‌ಗೂ ಸ್ವಲ್ಪ ಕಡಿಮೆಯೇ ಸಾಕು ಅನ್ನಿಸುತ್ತದೆ. ಆ ಲೆಕ್ಕ ನಂಬಿ ಎರಡು ತಂದರೆ ಏನಾಗುತ್ತದೆ ನೋಡಿ. 10 ಅಡಿ ಅಂದರೆ 305 ಸೆಂ.ಮೀ. ಡಿಸೈನ್ ಪ್ರತಿ 53 ಸೆಂ.ಮೀ.ಗೆ ಮರುಕಳಿಸುತ್ತದೆ ಅನ್ನಿ. ಪಟ್ಟಿಯಿಂದ ಪಟ್ಟಿಗೆ ಇಟ್ಟಿಗೆ ಕೂಡಬೇಕಾದರೆ ಒಂದೊಂದು ಪಟ್ಟಿಗೂ ಆರು ಮರುಕಳಿಕೆ, ಅಂದರೆ 318 ಸೆಂ.ಮೀ. ಹೋಗುತ್ತದೆ. ಒಂದು ರೋಲ್‌ಗೆ ಮೂರು ಪಟ್ಟಿ, ಎರಡಕ್ಕೆ ಆರು. ಆರು ಪಟ್ಟಿ ಸೇರಿ 318 ಸೆಂ.ಮೀ. ಅಗಲ. ನಿಮ್ಮ ಗೋಡೆ 335. ಕೊನೆಗೆ ಮುಕ್ಕಾಲು ಗೇಣು ಗೋಡೆ ಬರಿದಾಗಿ ಉಳಿಯುತ್ತದೆ! ಹಾಗಾಗಿ ಮೂರು ರೋಲ್. ಚದರ ಅಡಿಯಲ್ಲಿ ಲೆಕ್ಕ ಹಾಕಬೇಡಿ, ಪಟ್ಟಿಯಲ್ಲಿ ಹಾಕಿ. ಮೂರೂ ರೋಲ್‌ನ ಮೇಲೆ ಒಂದೇ ಬ್ಯಾಚ್ ನಂಬರ್ ಇರಲಿ. ಬೇರೆ ಬ್ಯಾಚ್ ಆದರೆ ಬಣ್ಣ ಒಂದು ಕೂದಲೆಳೆಯಷ್ಟು ಬೇರೆ ಬರುತ್ತದೆ, ಗೋಡೆ ಮೇಲೆ ಅದು ಸೀರೆಗೆ ಹೊಂದದ ತೇಪೆಯ ಹಾಗೆ ಕಾಣುತ್ತದೆ.

ಫೋಮ್ ಶೀಟ್ ಸಾಮಾನ್ಯವಾಗಿ 77 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರ. ನಿಮ್ಮ ಗೋಡೆಗೆ ಹತ್ತಿರ ಹತ್ತಿರ 19 ಶೀಟ್ ಹಿಡಿಯುತ್ತದೆ. ಕತ್ತರಿಸಿದ್ದು, ಹಾಳಾದದ್ದು ಸೇರಿ 22 ತರಿಸಿ. ಆರ್ಡರ್ ಮಾಡುವಾಗ ಅಳತೆ ಓದಿ, ಚಿತ್ರ ಒಂದೇ ಇದ್ದು ಶೀಟ್ ಚಿಕ್ಕದಿರುವುದುಂಟು.

ಗೋಡೆಯ ತಯಾರಿಗೆ ಬಂದರೆ, ಅಂಗೈಯಿಂದ ಗೋಡೆ ಸವರಿ ನೋಡಿ. ಬಿಳಿ ಪುಡಿ ಅಂಟಿತಲ್ಲ? ನಿಮ್ಮ ಶೀಟಿನ ಅಂಟು ಹಿಡಿಯುವುದು ಆ ಪುಡಿಯನ್ನು, ಗೋಡೆಯನ್ನಲ್ಲ. ಡಿಸ್ಟೆಂಪರ್ ಮೇಲೆ ನೇರ ಅಂಟಿಸಿದ ಶೀಟ್ ಮೂರು ತಿಂಗಳಲ್ಲಿ ಮೂಲೆ ಬಿಡುವುದು ಇದಕ್ಕೇ. ಡಿಸ್ಟೆಂಪರ್ ಪೂರ್ತಿ ಕೆರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಪ್ರೈಮರ್, ತಗ್ಗಿದ್ದಲ್ಲಿ ಪುಟ್ಟಿ, ಉಜ್ಜುಕಾಗದ, ಮತ್ತೆ ಪ್ರೈಮರ್. ಉಪ್ಪು ಬಿಟ್ಟ ಜಾಗ ಇದ್ದರೆ ಒಣ ಬ್ರಷ್‌ನಲ್ಲೇ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಪ್ರೈಮರ್ ಮೇಲೆ ಎಮಲ್ಷನ್ ಬಳಿಸುವುದಾದರೆ ನಾಲ್ಕು ವಾರ ಬಿಡಿ. ಆಮೇಲೆ ಪ್ಯಾಕಿಂಗ್ ಟೇಪ್ ಒಂದು ಗೇಣು ಅಂಟಿಸಿ ರಪ್ಪನೆ ಕೀಳಿ. ಟೇಪಿಗೆ ಬಣ್ಣದ ಚಕ್ಕೆ ಬರದಿದ್ದರೆ ಗೋಡೆ ತಯಾರು.

ಅಂಟಿಸುವಾಗ ಗಾರೆ ಕೆಲಸದವರ ಬುದ್ಧಿ ಇಟ್ಟುಕೊಳ್ಳಿ. ಬರೀ ಹೂವಿನ ವಾಲ್‌ಪೇಪರ್ ಅರ್ಧ ಇಂಚು ವಾಲಿದರೂ ಯಾರೂ ಕೇಳುವುದಿಲ್ಲ. ಇಟ್ಟಿಗೆ ಹಾಗಲ್ಲ, ಪ್ರತಿ ವರಸೆಯೂ, ಅಂದರೆ ಇಟ್ಟಿಗೆಯ ಪ್ರತಿ ಸಾಲೂ, ಒಂದು ಅಡ್ಡಗೆರೆ. ಮೂಲೆಯ ಗೋಡೆ ನೆಟ್ಟಗಿದೆ ಅಂತ ನಂಬಿ ಅದರ ಅಂಚಿಗೆ ಮೊದಲ ಪಟ್ಟಿ ಇಡಬೇಡಿ. 22 ವರ್ಷದ ಮನೆ, ಮೂಲೆಗಳು ಅಷ್ಟು ನೇರ ಇರುವುದಿಲ್ಲ. ತೂಗುಗುಂಡು ಇಳಿಬಿಟ್ಟು ಒಂದು ಲಂಬ ಗೆರೆ ಎಳೆಯಿರಿ. ಫೋಮ್ ಆದರೆ ರಸಮಟ್ಟ ಹಿಡಿದು ಅಡ್ಡಗೆರೆಯೂ ಬೇಕು. ಮೇಸ್ತ್ರಿ ನೂಲು ಹಿಡಿದೇ ವರಸೆ ಇಡುವುದು, ನಾವು ಅಂಟಿಸುವವರು ಮಾತ್ರ ಯಾಕೆ ಕಣ್ಣಳತೆ ಮಾಡಬೇಕು?

ಸೂರು ಒಂದು ಕಡೆ ತಗ್ಗಿದ್ದರೆ ಮೇಲಿನ ವರಸೆ ಒಂದು ತುದಿಯಲ್ಲಿ ಮೂರು ಇಂಚು, ಇನ್ನೊಂದು ತುದಿಯಲ್ಲಿ ಎರಡು ಇಂಚು ಆಗುತ್ತದೆ. ಅದನ್ನು ಸರಿ ಮಾಡಲು ಹೋಗಿ ವರಸೆಯನ್ನೇ ಓರೆ ಮಾಡಬೇಡಿ. ವರಸೆ ಮಟ್ಟವಾಗಿಯೇ ಇರಲಿ, ಮೇಲೆ ಒಂದೂವರೆ ಇಂಚಿನ ಮರದ ಬೀಡಿಂಗ್ ಹೊಡೆಸಿ.

ಶೀಟಿನ ಹಿಂದಿನ ಕಾಗದವನ್ನು ಒಮ್ಮೆಗೇ ಪೂರ್ತಿ ಸುಲಿಯಬೇಡಿ. ಮೇಲಿನ ನಾಲ್ಕು ಬೆರಳಷ್ಟು ಸುಲಿದು, ಗೆರೆಗೆ ಕೂರಿಸಿ, ಆಮೇಲೆ ಒಬ್ಬರು ಕಾಗದ ಕೆಳಗೆ ಎಳೆಯುತ್ತಾ ಹೋದ ಹಾಗೆ ಇನ್ನೊಬ್ಬರು ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಬರಬೇಕು. ಇಟ್ಟಿಗೆಯ ಉಬ್ಬಿನ ಮೇಲೆ ಜೋರಾಗಿ ಒತ್ತಿದರೆ ಫೋಮ್ ತಗ್ಗಾಗಿ ಹಾಗೇ ಉಳಿಯುತ್ತದೆ. ಸಂದಿಯ ಮೇಲೆ ಒತ್ತಿ. ಎರಡು ಶೀಟ್ ಕೂಡುವಲ್ಲಿ ಲಂಬ ಸಂದಿ ಮೇಲಿಂದ ಕೆಳಗೆ ಒಂದೇ ಗೆರೆಯಾಗಿ ಬಂದರೆ ಆಟ ಮುಗಿಯಿತು. ಜಾಯಿಂಟ್ ಮೇಲೆ ಜಾಯಿಂಟ್ ಬರಬಾರದು ಅನ್ನುವ ಮೇಸ್ತ್ರಿಯ ಮಾತು ಇಲ್ಲೂ ನಡೆಯುತ್ತದೆ. ಶೀಟಿನ ಪಕ್ಕದಲ್ಲಿ ಹಲ್ಲಿನ ಹಾಗೆ ಅರ್ಧ ಇಟ್ಟಿಗೆ ಚಾಚಿರುತ್ತದಲ್ಲ, ಅದು ಪಕ್ಕದ ಶೀಟಿನ ಖಾಲಿ ಜಾಗಕ್ಕೆ ಕೂರಲೆಂದೇ ಇರುವುದು. ಸುಲಭ ಆಗುತ್ತೆ ಅಂತ ಅದನ್ನು ಕತ್ತರಿಸಿ ನೇರ ಮಾಡುವವರನ್ನು ನೋಡಿದ್ದೇನೆ. ದೂರದಿಂದಲೇ ಚೌಕ ಚೌಕ ಕಾಣುತ್ತದೆ.

ಎಲ್ಲ ಶೀಟಿನಲ್ಲೂ ಒಂದೇ ಜಾಗದಲ್ಲಿ ಒಂದೇ ಸುಕ್ಕಿನ ಇಟ್ಟಿಗೆ ಇರುತ್ತದೆ. ಟಿವಿ ನೋಡುತ್ತಾ ಕೂತವರಿಗೆ ವಾರದೊಳಗೆ ಅದು ಕಣ್ಣಿಗೆ ಬೀಳುತ್ತದೆ, ಆಮೇಲೆ ಬೇರೇನೂ ಕಾಣುವುದೇ ಇಲ್ಲ. ಹಲ್ಲು ಕೂಡುವುದಾದರೆ ಒಂದು ಬಿಟ್ಟು ಒಂದು ಶೀಟನ್ನು ತಲೆಕೆಳಗು ಮಾಡಿ ಅಂಟಿಸಿ. ಬಿಳಿ ಫೋಮ್ ಆದರೆ ಇನ್ನೂ ಒಂದು ಉಪಾಯ ಇದೆ. ನೀರಿನಲ್ಲಿ ಬೆರೆಸುವ ಎಮಲ್ಷನ್‌ನಲ್ಲಿ ಎರಡು ಮೂರು ಛಾಯೆ ಕಲಸಿ, ಸ್ಪಂಜಿನ ತುಂಡು ಅದ್ದಿ, ಹಿಂಡಿ, ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ತಟ್ಟಿ. ಸಂದಿಗೆ ತಾಗಿಸಬೇಡಿ. ಮಗಳು ಒಂದು ಭಾನುವಾರ ಮಾಡಿ ಮುಗಿಸುವ ಕೆಲಸ.

ಸುಳ್ಳು ಇಟ್ಟಿಗೆ ಸಿಕ್ಕಿಬೀಳುವುದು ಅಂಚಿನಲ್ಲಿ. ಟಿವಿ ಸುತ್ತ ಮಾತ್ರ ಆರಡಿ ಚೌಕ ಅಂಟಿಸಿ ಬಿಡುವವರಿದ್ದಾರೆ. ಇಟ್ಟಿಗೆ ಅಂದರೆ ಭಾರ ಅಂತ ನಮ್ಮ ಕಣ್ಣಿಗೆ ಗೊತ್ತು. ಅದು ಗೋಡೆ ನಡುವೆ ತೇಲುತ್ತಿದ್ದರೆ ಚಾಪೆ ನೇತುಹಾಕಿದ ಹಾಗೆ ಕಾಣುತ್ತದೆ. ನೆಲದ ಪಟ್ಟಿಯಿಂದ ಸೂರಿನವರೆಗೆ, ಮೂಲೆಯಿಂದ ಮೂಲೆಗೆ ಹಾಕಿ. ಗೋಡೆಯ ಒಂದು ತುದಿ ಬಾಗಿಲ ಕಡೆಗೆ ತೆರೆದಿದ್ದರೆ ಅಲ್ಲಿ ಫೋಮಿನ ಬಿಳಿ ದಪ್ಪ ಕಾಣುತ್ತದೆ, ಮರದ ಪಟ್ಟಿಯಿಂದ ಮುಚ್ಚಿ. ಸ್ವಿಚ್ ಬೋರ್ಡ್ ಇರುವಲ್ಲಿ ಮೇನ್ ಆಫ್ ಮಾಡಿ ಮುಂದಿನ ಪ್ಲೇಟ್ ತೆಗೆದು, ಶೀಟ್ ಕತ್ತರಿಸಿ, ಮೇಲೆ ಪ್ಲೇಟ್ ಕೂರಿಸಿದರೆ ಅಂಚು ಒಳಗೆ ಹೋಗುತ್ತದೆ. ಟಿವಿಯ ಮೊಳೆ, ಫೋಟೋದ ಮೊಳೆ ಎಲ್ಲಿ ಅಂತ ಅಂಟಿಸುವ ಮೊದಲೇ ಗುರುತು ಮಾಡಿ.

ಎಲ್ಲಿ ಹಾಕಬಾರದು ಅಂತಲೂ ಹೇಳಿಬಿಡುತ್ತೇನೆ. ಯಾಕೆಂದರೆ ಉಳಿದ ಶೀಟ್ ನೋಡಿ ಇನ್ನೊಂದು ಗೋಡೆಗೂ ಆಸೆ ಹುಟ್ಟುತ್ತದೆ. ಒಲೆಯ ಹಿಂದೆ ಬೇಡವೇ ಬೇಡ. ದೇವರ ಮನೆಗೂ ಬೇಡ. ಪಾಲಿಎಥಿಲೀನ್ ಫೋಮ್ ಸುಮಾರು 110 ಡಿಗ್ರಿಗೇ ಕರಗುತ್ತದೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ದೀಪ, ಊದುಬತ್ತಿ, ಕರ್ಪೂರ ಇರುವಲ್ಲಿ ಅಂಥದ್ದನ್ನು ಗೋಡೆಗೆ ಹೊದಿಸುವುದೇ? ಹಾಲ್‌ನ ಆ ಗೋಡೆಯಲ್ಲೇ ದೇವರ ಪಟ ಇಟ್ಟು ಸಂಜೆ ದೀಪ ಹಚ್ಚುವ ಅಭ್ಯಾಸ ಇದ್ದರೆ ಫೋಮ್ ಬಿಡಿ, ಬೇರೆ ಗೋಡೆ ನೋಡಿ. ಕುರ್ಚಿಯ ಬೆನ್ನು ತಾಗುವ ಕಡೆ ಫೋಮ್ ಗುಳಿ ಬೀಳುತ್ತದೆ, ಬೆಕ್ಕು ಸಾಕಿದ್ದರೆ ಅದಕ್ಕೆ ಉಗುರು ಮಸೆಯಲು ಹೊಸ ಜಾಗ ಸಿಕ್ಕಿತು ಅಂತಲೇ ತಿಳಿಯಿರಿ.

ಮುಂದೆ ಯಾವತ್ತಾದರೂ ತೆಗೆಯಬೇಕಾದರೆ ಒಂದೇ ಸಲ ಎಳೆಯಬೇಡಿ. ಹೇರ್ ಡ್ರೈಯರ್‌ನಿಂದ ಅಂಚು ಬಿಸಿ ಮಾಡುತ್ತಾ, ಹಿಂದೆ ನೈಲಾನ್ ದಾರ ಗರಗಸದ ಹಾಗೆ ಆಡಿಸುತ್ತಾ ಬಿಡಿಸಿ. ಆದರೂ ಅಲ್ಲಲ್ಲಿ ಪುಟ್ಟಿ ಬರುತ್ತದೆ, 'ಗೋಡೆಗೆ ಏನೂ ಆಗಲ್ಲ' ಅನ್ನುವ ಜಾಹೀರಾತನ್ನು ಪೂರ್ತಿ ನಂಬಬೇಡಿ. ಬಾಡಿಗೆ ಮನೆಯವರು ಕೇಳಿದರೆ ನಾನು ಹೇಳುವುದೇ ಬೇರೆ. ತೆಳು ಪ್ಲೈವುಡ್ ಹಲಗೆಗೆ ಅಂಟಿಸಿ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಂತ. ಇಲ್ಲದಿದ್ದರೆ ಮನೆ ಬಿಡುವ ದಿನ ಅಡ್ವಾನ್ಸ್‌ನಿಂದ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವ ಜಗಳ.

ಧೂಳು ಸಂದಿಯಲ್ಲಿ ಕೂರುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಆಡಿಸಿ. ವಿನೈಲ್ ಆದರೆ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬಹುದು.

ಕೆಲಸ ಮುಗಿದ ಮೇಲೆ ಉಳಿದ ಎರಡು ಶೀಟ್ ಎಸೆಯಬೇಡಿ. ಯಾವತ್ತೋ ಒಂದು ದಿನ ಸ್ಟೂಲ್ ತಾಗಿ ಒಂದು ಇಟ್ಟಿಗೆ ಹರಿಯುತ್ತದೆ, ಆಗ ಅದೇ ಡಿಸೈನ್ ಅಂಗಡಿಯಲ್ಲಿ ಇರುವುದಿಲ್ಲ. ಹಿಂದೆ ಬ್ಯಾಚ್ ನಂಬರ್ ಬರೆದು ಅಟ್ಟದ ಮೇಲೆ ಮಡಚದೆ ಚಪ್ಪಟೆಯಾಗಿ ಇಡಿ, ಮೇಲೆ ಭಾರ ಬೇಡ.